ಗುರುತು ನಂಬದವರು

ಅವರ ಬೀಳ್ಕೊಡುಗೆಯ ದಿನ ನನಗೆ ಎರಡು ಮಾತಾಡಲು ಹೇಳಿದ್ದರು. ನಾನು ಎದ್ದು ನಿಂತು, "ಇವರ ಜೊತೆ ಕೆಲಸ ಮಾಡಿದ್ದು ನನ್ನ ಪುಣ್ಯ" ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಅವರದೇ ದನಿ ಬಂತು: "ಪುಣ್ಯಾನೂ ಇಲ್ಲ, ಪಾಪಾನೂ ಇಲ್ಲ. ಸಂಬಳ ಕೊಟ್ರು, ಕೆಲ್ಸ ಮಾಡ್ದೋ. ಕೂತ್ಕಳೇ." ಎಲ್ಲರೂ ನಕ್ಕರು, ನಾನು ಕೂತೆ. ಅವರಿಗೆ ಹೊದಿಸಿದ ಶಾಲನ್ನು ಅಲ್ಲೇ ತೆಗೆದು, ಆಫೀಸು ಗುಡಿಸುವ ಅಮ್ಮನ ಹೆಗಲಿಗೆ ಹಾಕಿ, "ಚಳಿ ಬತ್ತಾ ಐತೆ, ಇಟ್ಕಳಮ್ಮ" ಅಂದುಬಿಟ್ಟರು. ಸನ್ಮಾನ ಅಲ್ಲಿಗೆ ಮುಗಿಯಿತು. ಹೇಳಬೇಕಾದ್ದನ್ನು ಹೇಳದೆ ನುಂಗಿಕೊಂಡರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ನಾನಿರುವ ನೊಣವಿನಕೆರೆಗೆ ಬಸ್ಸು ಹತ್ತಿ ಬಂದು ಜಗಳ ಆಡುತ್ತಾರೆ, ಆದ್ದರಿಂದ ಹೆಸರಿಲ್ಲ. ನಾವೆಲ್ಲ ಮೇಡಂ ಅನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ತಿಪಟೂರಿನಲ್ಲಿ ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಫೀಸು ಅಂದರೆ ಏನು ಮಹಾ, ಎರಡು ಕೋಣೆ, ಬೀದಿಗೆ ಚಾಚಿದ ಒಂದು ಬಾಲ್ಕನಿ, ಕೆಳಗಿನಿಂದ ಏರಿ ಬರುವ ಕೊಬ್ಬರಿ ವಾಸನೆ. ಸೀರೆ ಒಗೆದರೂ ಆ ವಾಸನೆ ಹೋಗುತ್ತಿರಲಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಆ ಹೊತ್ತಿಗೆ ಕೊಬ್ಬರಿಗೆ ಏನು ರೇಟು ನಡೆಯುತ್ತಿದೆ ಅನ್ನುವುದನ್ನು ಫೋನ್ ಲೈನಿನ ಮೂಲಕ ತುರುವೇಕೆರೆ, ಮಾಯಸಂದ್ರ, ಚಿಕ್ಕನಾಯಕನಹಳ್ಳಿಯ ಮಂಡಿಗಳ ಕಂಪ್ಯೂಟರಿಗೆ ಕಳಿಸುವುದು ನಮ್ಮ ಕೆಲಸ. ಅಲ್ಲಿನ ತೆಂಗಿನ ತೋಟದವರು ಪರದೆ ನೋಡಿ, ಚೀಲವನ್ನು ಅಲ್ಲೇ ಮಾರುವುದೋ ತಿಪಟೂರಿಗೆ ಹೊರಿಸುವುದೋ ತೀರ್ಮಾನ ಮಾಡುತ್ತಿದ್ದರು. ನಮ್ಮ ಯಜಮಾನರು ಐವತ್ತು ದಾಟಿದ ಮೃದು ಮನುಷ್ಯ. ಈ ರೇಟು ಕಳಿಸುವ ಪ್ರೋಗ್ರಾಂ ಯಾವ ಲೈಬ್ರರಿಯ ಮೇಲೆ ನಿಂತಿತ್ತೋ, ಅಂದರೆ ಎರಡು ಕಂಪ್ಯೂಟರುಗಳನ್ನು ಮಾತಾಡಿಸುವ ಮೂಲ ಕೋಡು, ಅದನ್ನು ಅವರೇ ತಮ್ಮ ಹರೆಯದಲ್ಲಿ ಬರೆದಿದ್ದರು. ಬೇರೆಯವರು ಮಗಳ ಮದುವೆ ಆಲ್ಬಂ ತೋರಿಸುವಂತೆ ಅವರು ಬಂದವರಿಗೆಲ್ಲ ಆ ಕೋಡನ್ನು ತೆರೆದು ತೋರಿಸುತ್ತಿದ್ದರು.

ಮೇಡಂ ಕಂದಿಕೆರೆ ಕಡೆಯಿಂದ ಬರುತ್ತಿದ್ದರು. ಕಂದಿಕೆರೆಗೂ ಹುಳಿಯಾರಿಗೂ ನಡುವೆ ಎಲ್ಲೋ ಅವರ ಹಟ್ಟಿ. ಅಪ್ಪ ಕುರಿ ಮೇಯಿಸಿಕೊಂಡು ಅರ್ಧ ವರ್ಷ ಊರಾಚೆ ಇರುತ್ತಿದ್ದವರು. ಮಗಳು ಹಾಸ್ಟೆಲಿನಲ್ಲಿದ್ದು ಓದಿ, ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಕುಳ್ಳಗೆ, ಗಟ್ಟಿಯಾಗಿ, ತುರುಬಿಗೆ ಒಂದು ಪೆನ್ಸಿಲು ಚುಚ್ಚಿಕೊಂಡು ಕೂತರೆ ಚಪ್ಪಲಿ ಒಂದು ಕಡೆ, ಅವರು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಒಂದು ಕಡೆ. ದನಿಯಂತೂ ಹಟ್ಟಿಯಲ್ಲಿ ಬೆಳೆದ ದನಿ. ಅವರು ಪಿಸುಗುಟ್ಟಿದ್ದು ಕೆಳಗಿನ ಮಂಡಿಯ ಹಮಾಲರಿಗೆ ಕೇಳಿಸುತ್ತಿತ್ತು. ಒಮ್ಮೆ ಯಜಮಾನರ ಹೊಸ ಅಂಗಿಯ ಬಗ್ಗೆ ನನ್ನ ಕಿವಿಯಲ್ಲಿ ಏನೋ ಅಂದರು, ಕೆಳಗಿನಿಂದ ಯಾರೋ "ಹೌದು ಕಣಮ್ಮೋ" ಅಂದರು. ನಾನು ಆ ದಿನವೆಲ್ಲ ಯಜಮಾನರ ಮುಖ ನೋಡಲಿಲ್ಲ.

ಅವರದೊಂದು ಮಾತಿತ್ತು. ಯಾರೇ ಬಂದು ಏನೇ ಹೇಳಲಿ, "ನೋಡ್ದ್ಯಾ, ಇಲ್ಲಾ ಯಾರಾರ ಹೇಳುದ್ರಾ?" ಅನ್ನುತ್ತಿದ್ದರು. ಹೋಟೆಲಿನವನು ಚಹಾ ಬಿಸಿ ಇದೆ ಅಂದರೆ ಲೋಟ ಮುಟ್ಟದೆ ಒಪ್ಪರು. ನಾನು ಪ್ರೋಗ್ರಾಂ ಸರಿಯಾಗಿದೆ ಅಂದರೆ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ತಾವೇ ಓಡಿಸಿ ನೋಡುವರು. ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. "ನನ್ ಮೇಲೆ ನಂಬಿಕೆ ಇಲ್ವಾ ಮೇಡಂ?" ಎಂದು ಒಂದು ದಿನ ಕೇಳಿಯೇಬಿಟ್ಟೆ. "ನಿನ್ ಮೇಲೆ ಐತೆ. ನೀನು ನೋಡಿದ್ದೀಯ ಅನ್ನೋದ್ರ ಮೇಲೆ ಇಲ್ಲ" ಅಂದರು. ಇದು ಸಮಾಧಾನವೋ ಬೈಗುಳವೋ ನನಗೆ ಆ ದಿನ ತಿಳಿಯಲಿಲ್ಲ.

ಬಸ್ಸಿನ ಬೋರ್ಡನ್ನೂ ಅವರು ನಂಬುತ್ತಿರಲಿಲ್ಲ. ತಿಪಟೂರಿನ ನಿಲ್ದಾಣದಲ್ಲಿ, ಬೋರ್ಡು ಇಷ್ಟಗಲ ಕಾಣುತ್ತಿದ್ದರೂ ಡ್ರೈವರನ ಕಿಟಕಿಗೆ ಹೋಗಿ, "ಎಲ್ಲಿಗಪ್ಪ ಹೋಗ್ತೀಯ?" ಎಂದು ಕೇಳುವುದು. ನಾನು ನಾಚಿಕೆಯಿಂದ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದೆ. ಒಂದು ಸಂಜೆ ನಾನು ತುರುವೇಕೆರೆ ಬೋರ್ಡಿನ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ರಾಣಿ ಥರ ಕೂತೆ. ಬಸ್ಸು ಹೊರಟು ಎಡಕ್ಕೆ ತಿರುಗಬೇಕಾದ ಕಡೆ ಬಲಕ್ಕೆ ತಿರುಗಿತು. ಬೋರ್ಡು ಹಿಂದಿನ ಟ್ರಿಪ್ಪಿನದು, ಕಂಡಕ್ಟರ್ ತೆಗೆಯುವುದನ್ನು ಮರೆತಿದ್ದ. ಹಿಂದಿನ ಸೀಟಿನಿಂದ ಮೇಡಂ ನಗುವುದು ಕೇಳಿಸಿತು. "ಬಾರೇ ಬಾ, ನಮ್ಮ ಹಟ್ಟಿಗೇ ಬಾ, ಮುದ್ದೆ ಮಾಡ್ತೀನಿ!" ಅವರು ಮಾಡಿದ ಮುದ್ದೆಯನ್ನು ಆ ರಾತ್ರಿ ತಿಂದೆ. ಗಂಟು ಗಂಟು. ಕೋಡು ಬರೆಯುವ ಕೈ ಹಿಟ್ಟಿಗೆ ಬರುವುದಿಲ್ಲ ಅನ್ನುವುದು ಗೊತ್ತಾಯಿತು.

ಅಲ್ಲಿಯೇ ಅವರ ಅಮ್ಮನನ್ನು ನೋಡಿದ್ದು. ಅಪ್ಪ ತೀರಿಹೋದ ಮೇಲೆ ಅಮ್ಮ ಹಟ್ಟಿ ಬಿಟ್ಟು ಕದಲಲಿಲ್ಲ, ಮಗಳು ಅಮ್ಮನನ್ನು ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ದೂರದಲ್ಲಿ, ಅವರು ಓದಿದ್ದಕ್ಕೆ ತಕ್ಕ ಕೆಲಸ ಇದ್ದದ್ದು ನಮ್ಮ ಆ ಎರಡು ಕೋಣೆಯ ಆಫೀಸಿನಲ್ಲಿ ಮಾತ್ರ. ಹಟ್ಟಿಯ ಸೋದರಮಾವನೊಬ್ಬ ಜಗಲಿಯಲ್ಲಿ ಕೂತು ನನ್ನ ಎದುರಿಗೇ, "ಎಂಜಿನಿಯರ್ ಆಗಿ ಏನ್ ಕಡ್ದು ಕಟ್ಟೆ ಹಾಕವ್ಳೆ? ಇವತ್ತಲ್ಲ ನಾಳೆ ಕೆಲ್ಸ ಬಿಟ್ಟು ಬತ್ತಾಳೆ, ಕುರಿ ಇನ್ನೂ ಇದ್ದಾವೆ" ಅಂದ. ಯಾರಿಗೂ ಬಿಟ್ಟುಕೊಡದ ಮೇಡಂ ಬಾಯಿ ಅಲ್ಲಿ ಮಾತ್ರ ಮುಚ್ಚಿಕೊಂಡಿತು. ಆ ಕೆಲಸ ಅವರಿಗೆ ಏನು ಅನ್ನುವುದು ನನಗೆ ಆಗ ಅರ್ಥವಾಯಿತು.

ಬೇಡದ್ದನ್ನು ತೆಗೆದು ಎಸೆಯುವುದು ಅವರ ಚಟ. ಇದರಲ್ಲಿ ತಪ್ಪೂ ಮಾಡುತ್ತಿದ್ದರು, ಸುಮ್ಮನೆ ಹೊಗಳುವುದಿಲ್ಲ ನಾನು. ಒಂದು ಸಲ ಕಪಾಟು ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮಿನ ಒಳ್ಳೆಯ ವೈರನ್ನೇ ಎಸೆದರು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಇವರು ಸೀರೆ ಎತ್ತಿ ಕಟ್ಟಿ, ಮಂಡಿಯ ಹಿಂದಿನ ಕರಟದ ರಾಶಿಗೆ ಇಳಿದು, ಮಧ್ಯಾಹ್ನದವರೆಗೆ ಕೆದಕಿ, ಮೈಯೆಲ್ಲ ನಾರು ಮಾಡಿಕೊಂಡು ವೈರು ಹಿಡಿದು ಬಂದರು. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ. "ಸಿಕ್ತು ಬುಡಿ ಸಾರ್" ಅಂದು ಕೆಲಸಕ್ಕೆ ಕೂತರು.

ಈಗ ನಾನು ಆ ಸಭೆಯಲ್ಲಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ.

ನಮ್ಮ ಪ್ರೋಗ್ರಾಮಿಗೆ ಒಂದು ರೋಗ ಬಂದಿತ್ತು. ಫೋನ್ ಲೈನು ಸತ್ತುಹೋದರೂ ಮಂಡಿಯ ಪರದೆಯಲ್ಲಿ ರೇಟು ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆಯ ರೇಟು ಮಧ್ಯಾಹ್ನ, ಮಧ್ಯಾಹ್ನದ ರೇಟು ಸಂಜೆ. ನೋಡುವವರಿಗೆ ಅದು ಹಳಸಿದ್ದು ಅನ್ನುವುದು ಹೇಗೆ ಗೊತ್ತಾಗಬೇಕು? ಒಂದು ಸಂತೆಯ ದಿನ ತುರುವೇಕೆರೆ ಮಂಡಿಯಲ್ಲಿ ಪರದೆ ನೋಡಿ ಕೆಲವರು ಚೀಲ ಹೇರಿಕೊಂಡು ತಿಪಟೂರಿಗೆ ಬಂದರು. ಇಲ್ಲಿ ರೇಟು ಯಾವಾಗಲೋ ಬಿದ್ದಿತ್ತು. ಅವರು ಬೈದುಕೊಂಡು ಹೋಗಿ ತುರುವೇಕೆರೆ ಮಂಡಿಯ ಸಾಹುಕಾರರ ಮುಂದೆ ನಿಂತರು. ಸಾಹುಕಾರರು ನಮಗೆ ಫೋನ್ ಮಾಡಿ, "ಇನ್ನೊಂದ್ ಸಲ ಹಿಂಗಾದ್ರೆ ನಿಮ್ ಡಬ್ಬ ತಗಂಡೋಗಿ ರೋಡಿಗೆ ಇಡ್ತೀನಿ ಕಣ್ರೀ" ಅಂದರು. ಮಾಯಸಂದ್ರದವರದೂ ಅದೇ ಮಾತು. ಈ ಇಬ್ಬರು ಕೈಬಿಟ್ಟರೆ ನಾವು ಬಾಗಿಲು ಹಾಕಬೇಕಿತ್ತು.

ವಿಚಿತ್ರ ಏನೆಂದರೆ, ಆಫೀಸಿನಲ್ಲಿ ನಾವು ವೈರು ಕಿತ್ತು ನೋಡಿದಾಗೆಲ್ಲ ಪ್ರೋಗ್ರಾಂ ಸರಿಯಾಗಿಯೇ "ಲೈನ್ ಇಲ್ಲ" ಅನ್ನುತ್ತಿತ್ತು. ಯಜಮಾನರು, "ನೋಡ್ರಮ್ಮ, ಸರಿಯಾಗೇ ಇದೆಯಲ್ಲ" ಎಂದು ನಿಟ್ಟುಸಿರು ಬಿಡುವರು. ಮೇಡಂ ಮಾತ್ರ, "ಇಲ್ಲಿ ಐತೆ ಸಾರ್, ಅಲ್ಲಿಲ್ಲ" ಎಂದು ಹಲ್ಲು ಕಚ್ಚಿಕೊಂಡು ಮತ್ತೆ ಕೋಡಿನೊಳಗೆ ತಲೆ ಹಾಕುವರು. ವಾರಗಟ್ಟಲೆ ಇದೇ ಆಯಿತು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತು.

ಅದು ಬಯಲಾದದ್ದು ಕೆಳಗಿನ ಮಂಡಿಯ ಒಂದು ಜಗಳದಿಂದ. ಆ ಮಂಡಿಯಲ್ಲೊಂದು ಪದ್ಧತಿ ಇತ್ತು. ಪ್ರತಿ ಚೀಲ ಬಿಚ್ಚಿ, ನಾಲ್ಕು ಕೊಬ್ಬರಿ ತೆಗೆದು, ಒಂದನ್ನು ಒಡೆದು ಒಳಗೆ ಬೂಷ್ಟು ಇದೆಯೇ ನೋಡಿ, ನೋಡಿದ ಚೀಲಕ್ಕೆ ಕೆಮ್ಮಣ್ಣು ಅದ್ದಿದ ಹೆಬ್ಬೆಟ್ಟಿನಿಂದ ಒಂದು ಗುರುತು ಎಳೆಯುವುದು. ಗುರುತು ಇದ್ದ ಚೀಲವನ್ನು ಮತ್ತೆ ಬಿಚ್ಚುವುದಿಲ್ಲ, ಒಡೆದಾಗ ಕಂಡದ್ದರ ಮೇಲೆಯೇ ಅದರ ರೇಟು. ಆ ದಿನ ನಾನೂ ಮೇಡಮ್ಮೂ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಕೆಳಗೆ ಮಾಲು ತಂದ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನನ್ ಚೀಲ ಬಿಚ್ಚೇ ಇಲ್ವಲ್ಲಪ್ಪ, ನೋಡಾಯ್ತು ಅಂತೀಯಲ್ಲ?"

"ಗುರುತು ಐತಲ್ಲಮ್ಮ. ನೋಡಿರೋದಕ್ಕೇ ಹಾಕಿರೋದು" ಅಂದ ಚೀಲ ನೋಡುವವನು.

"ಅಯ್ಯೋ ನಿನ್ ಮನೆ ಕಾಯ್ವೋಗ! ಅದು ಹೋದ್ ಸಲದ ಗುರುತು ಕಣೋ! ಚೀಲ ಹಳೇದು, ಕೊಬ್ಬರಿ ಹೊಸದು. ಚೀಲ ನೋಡ್ತೀಯೋ ಕೊಬ್ಬರಿ ನೋಡ್ತೀಯೋ?"

ಹಮಾಲರು ನಕ್ಕರು, ನಾನೂ ನಕ್ಕೆ. ಮೇಡಂ ನಗಲಿಲ್ಲ. ಲೋಟ ನನ್ನ ಕೈಗೆ ತುರುಕಿ ಒಳಗೆ ಓಡಿದರು. ಹಿಂದೆ ಹೋಗಿ ನೋಡಿದರೆ ತುರುಬಿನ ಪೆನ್ಸಿಲು ಕಿತ್ತು ಮೇಜಿಗೆ ಕುಟ್ಟುತ್ತಾ, "ಚೀಲ ಹಳೇದು, ಕೊಬ್ಬರಿ ಹೊಸದು! ಸಿಕ್ತು ಕಣೇ! ನಮ್ದೂ ಇದೇ ಕಥೆ!" ಅನ್ನುತ್ತಿದ್ದರು.

ಅವರು ನನಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಕಷ್ಟವೇನಿಲ್ಲ. ಎರಡು ಕಂಪ್ಯೂಟರುಗಳು ಮಾತಾಡಬೇಕಾದರೆ ಒಂದೊಂದು ಕಿಂಡಿ ತೆರೆದುಕೊಳ್ಳುತ್ತವೆ. ಅದಕ್ಕೆ ಸಾಕೆಟ್ ಅನ್ನುತ್ತಾರೆ. ಪ್ರತಿ ಕಿಂಡಿಗೂ ಒಂದು ನಂಬರು. ಕಿಂಡಿ ತೆರೆದ ಮೇಲೆ ಅದಕ್ಕೆ ಕೆಲವು ಕಟ್ಟಳೆ ಹಾಕಬೇಕು. "ಆ ಕಡೆಯವರು ಇದ್ದಾರೋ ಇಲ್ಲವೋ ಆಗಾಗ ಕೇಳುತ್ತಿರು" ಅನ್ನುವುದು ಅಂಥ ಒಂದು ಕಟ್ಟಳೆ. ಯಾವ ಕಿಂಡಿಗೆ ಯಾವ ಕಟ್ಟಳೆ ಹಾಕಿದೆ ಅನ್ನುವುದು ಯಂತ್ರಕ್ಕೆ ತಾನಾಗಿಯೇ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತದೆ. ಆದರೆ ನಮ್ಮ ಲೈಬ್ರರಿ ಅದರ ಜೊತೆಗೆ ತನ್ನದೇ ಒಂದು ಗುರುತಿನ ಪಟ್ಟಿಯನ್ನೂ ಇಟ್ಟುಕೊಳ್ಳುತ್ತಿತ್ತು. ಈ ನಂಬರಿಗೆ ಹಾಕಿದ್ದೇನೆ ಎಂದು ಗುರುತಿದ್ದರೆ ಮತ್ತೆ ಹಾಕುತ್ತಿರಲಿಲ್ಲ. ಲೈನು ಸತ್ತಾಗ ಕಿಂಡಿ ಮುಚ್ಚಿಹೋಗುತ್ತದೆ. ಮತ್ತೆ ಡಯಲ್ ಮಾಡಿದಾಗ ಹೊಸ ಕಿಂಡಿ, ಆದರೆ ಯಂತ್ರ ಅದಕ್ಕೆ ಹಳೆಯ ನಂಬರನ್ನೇ ಕೊಡುತ್ತದೆ. ಪಟ್ಟಿ ನಂಬರು ನೋಡಿ "ಇದಕ್ಕೆ ಆಗಿದೆ" ಎಂದು ಸುಮ್ಮನಾಗುತ್ತಿತ್ತು. ಹೊಸ ಕಿಂಡಿಗೆ ಕಟ್ಟಳೆಯೇ ಇಲ್ಲ. ಎರಡನೇ ಸಲ ಲೈನು ಸತ್ತಾಗ ಆ ಕಡೆ ಯಾರೂ ಇಲ್ಲ ಅನ್ನುವುದು ಗೊತ್ತಾಗದೆ ಹಳೇ ರೇಟು ಹಿಡಿದು ಕೂತಿರುತ್ತಿತ್ತು. ಆಫೀಸಿನಲ್ಲಿ ನಾವು ಪ್ರತಿಸಲವೂ ಹೊಸದಾಗಿ ಶುರುಮಾಡಿ ಒಂದೇ ಸಲ ವೈರು ಕೀಳುತ್ತಿದ್ದೆವು, ಅದಕ್ಕೇ ಸಿಕ್ಕಿರಲಿಲ್ಲ.

ಯಜಮಾನರಿಗೆ ಖುಷಿಯಾಯಿತು. "ಸರಿ ಹಾಗಾದ್ರೆ, ಕಿಂಡಿ ಮುಚ್ಚುವಾಗ ಗುರುತು ಅಳಿಸಿಬಿಡೋಣ. ಎರಡು ಸಾಲು, ಆಯ್ತು" ಅಂದರು.

"ಅಳ್ಸೋದಲ್ಲ ಸಾರ್. ಪಟ್ಟಿನೇ ತೆಗೀಬೇಕು" ಅಂದರು ಮೇಡಂ. "ಯಂತ್ರಕ್ಕೆ ಗೊತ್ತಿರೋದನ್ನ ನಾವು ಇನ್ನೊಂದ್ ಕಡೆ ಯಾಕೆ ಇಟ್ಕೋಬೇಕು? ಪ್ರತಿ ಸಲ ಕಟ್ಟಳೆ ಹಾಕೋಣ. ಎರಡ್ ಸಲ ಹಾಕಿದ್ರೆ ಏನೂ ಕೆಡಾಕಿಲ್ಲ. ಐತೋ ಇಲ್ವೋ ಬೇಕಂದ್ರೆ ಅದನ್ನೇ ಕೇಳೋಣ."

ಯಜಮಾನರ ಮುಖ ಸಣ್ಣಗಾಯಿತು. ಆ ಪಟ್ಟಿಗೆ ಒಂದು ಕಾರಣ ಇತ್ತು, ಅದನ್ನೂ ಹೇಳಬೇಕು. ಅವರು ಲೈಬ್ರರಿ ಬರೆದ ಕಾಲದ ಯಂತ್ರದಲ್ಲಿ ಕಿಂಡಿಯನ್ನು ತಿರುಗಿ ಕೇಳಿದರೆ ಯಂತ್ರವೇ ನಿಂತುಹೋಗುತ್ತಿತ್ತಂತೆ. ಯಾರೂ ಹೇಳಿಕೊಡದೆ, ಪುಸ್ತಕ ಸಿಗದೆ, ಅವರೊಬ್ಬರೇ ಯೋಚಿಸಿ ಆ ಪಟ್ಟಿಯ ಉಪಾಯ ಕಂಡುಹಿಡಿದಿದ್ದರು. ಬಂದವರಿಗೆ ತೆರೆದು ತೋರಿಸುತ್ತಿದ್ದದ್ದು ಆ ಭಾಗವನ್ನೇ. "ಎಷ್ಟೋ ಕಡೆ ಬೇರು ಬಿಟ್ಟಿದೆಯಮ್ಮ ಅದು. ಕೀಳೋಕೆ ಹೋದ್ರೆ ಎಲ್ಲ ಬೀಳುತ್ತೆ. ಎರಡು ಸಾಲು ಹಾಕು, ಸಾಕು" ಅಂದರು. ಯಜಮಾನರ ಮಾತು, ನಾನು ಎರಡು ಸಾಲು ಹಾಕಿದೆ. ಮೇಡಂ ಕೈ ಕಟ್ಟಿ ನಿಂತು ನೋಡಿದರು.

ಹೊಸದನ್ನು ಮಂಡಿಗಳಿಗೆ ಹಾಕಿ ಬಂದೆವು. ಕೆಲವು ದಿನ ಚೆನ್ನಾಗಿತ್ತು. ಆಮೇಲೆ ಮಾಯಸಂದ್ರದಲ್ಲಿ ಮತ್ತೆ ರೇಟು ಹಾಗೇ ನಿಂತಿತು. ನಾವು ಕಿಂಡಿ ಮುಚ್ಚುವ ಕಡೆ ಗುರುತು ಅಳಿಸುತ್ತಿದ್ದದ್ದೇನೋ ನಿಜ. ಆದರೆ ಮೋಡೆಮ್ಮು ನೋಡಿಕೊಳ್ಳುವ ಭಾಗ ಪಟ್ಟಿಗೆ ಒಂದು ಮಾತೂ ತಿಳಿಸದೆ ತಾನೇ ಕಿಂಡಿ ಮುಚ್ಚುತ್ತಿತ್ತು. ಹಾಗೆ ಮುಚ್ಚುವ ಕಡೆಗಳು ಇನ್ನೆಷ್ಟಿವೆಯೋ ಯಾರಿಗೆ ಗೊತ್ತು. "ನಾನು ಹೇಳಿರ್ಲಿಲ್ವಾ" ಎಂದು ಮೇಡಂ ಅನ್ನಬಹುದಿತ್ತು. ಅನ್ನಲಿಲ್ಲ. ಯಜಮಾನರ ಕೋಣೆಗೆ ಹೋಗಿ ನಿಂತರು.

"ಸಾರ್, ತೆಗೀತೀನಿ."

"ಅಮ್ಮಾ, ಅದು ನಾನು..."

"ಗೊತ್ತು ಸಾರ್. ಆಗ ಬೇಕಾಗಿತ್ತು, ನೀವು ಮಾಡಿದ್ರಿ. ಈಗ ಬೇಡ, ನಾನು ತೆಗೀತೀನಿ."

"ತೆಗೆದು ಕೆಟ್ಟರೆ?"

"ಕೆಟ್ರೆ ನಾನು ನಾಳೆಯಿಂದ ಬರಾಕಿಲ್ಲ."

ನಾನು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ಹಟ್ಟಿಯ ಜಗಲಿ, ಆ ಮಾವ, ಅವನ ಕುರಿ, ಎಲ್ಲ ಕಣ್ಣ ಮುಂದೆ ಬಂತು. ಹೊರಗೆ ಬಂದವರನ್ನು ಹಿಡಿದು, "ಯಾಕ್ ಮೇಡಂ ಹಾಗಂದ್ರಿ? ಅವರೇನು ಕೇಳಿದ್ರಾ?" ಎಂದು ಜಗಳಕ್ಕೇ ನಿಂತೆ. "ಅವ್ರ ಕೈಯಾರೆ ಮಾಡಿದ್ದನ್ನ ಕೀಳಕ್ಕೆ ಹೊಂಟಿವ್ನಿ ಕಣೇ. ನಾನೂ ಏನಾರ ಇಡಬೇಕಲ್ಲ" ಅಂದರು. ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಆ ಮೇಲಿನ ದಿನಗಳಲ್ಲಿ ಅವರು ಕೂತದ್ದನ್ನು ನೋಡಬೇಕಿತ್ತು. ಊಟದ ಡಬ್ಬಿ ತೆರೆಯುವುದು ಮರೆತು ಹೋಗುತ್ತಿತ್ತು. ಪಟ್ಟಿಯನ್ನು ಓದುವ ಕಡೆ, ಬರೆಯುವ ಕಡೆ, ಅಳಿಸುವ ಕಡೆ, ಒಂದೊಂದನ್ನೂ ಹುಡುಕಿ, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಿ, ಆಮೇಲೆ ತೆಗೆಯುವುದು. ವೈರು ಎಸೆದ ಮೇಡಂ ಇವರೇನಾ ಅನ್ನಿಸುವಷ್ಟು ನಿಧಾನ. ಒಂದೊಂದು ಸಾಲು ತೆಗೆದಾಗಲೂ ನನ್ನ ಕಡೆ ತಿರುಗಿ, "ಓಡ್ಸು" ಅನ್ನುವರು. ಓಡಿಸುತ್ತಿದ್ದೆ. "ನೋಡ್ದ್ಯಾ?" ಅನ್ನುವರು. "ನೋಡ್ದೆ" ಅನ್ನುತ್ತಿದ್ದೆ. ಆದರೂ ಎದ್ದು ಬಂದು ನೋಡುವರು. ಯಜಮಾನರು ತಮ್ಮ ಕೋಣೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದರು. ಬಂದವರಿಗೆ ಕೋಡು ತೋರಿಸುವುದನ್ನೂ ನಿಲ್ಲಿಸಿದರು.

ಕೊನೆಯ ಪರೀಕ್ಷೆಗೆ ನನ್ನನ್ನು ಮಾಯಸಂದ್ರಕ್ಕೆ ಕಳಿಸಿದರು. "ಒಂದೇ ಸಲ ವೈರು ಕಿತ್ತು ಬಂದ್ರೆ ಕಾಲು ಮುರೀತೀನಿ. ಕಿತ್ತು, ಹಾಕಿ, ರೇಟು ಬಂದ್ಮೇಲೆ ಮತ್ತೆ ಕೀಳು. ಅಲ್ಲೇ ಕೂತ್ಕಂಡು ಕಣ್ಣಾರೆ ನೋಡು" ಎಂದು ಹೇಳಿದರು. ಮಂಡಿಯ ಜನರೆಲ್ಲ ನನ್ನ ಸುತ್ತ ಸೇರಿಕೊಂಡರು. ಮೊದಲ ಸಲ ಕಿತ್ತೆ, ಸರಿಯಾಗಿ ಹೇಳಿತು. ಮತ್ತೆ ಹಾಕಿದೆ, ರೇಟು ಬಂತು. ಎರಡನೇ ಸಲ ಕಿತ್ತು, ಪರದೆ ನೋಡುತ್ತಾ ಕೂತೆ. ರೇಟು ಹಾಗೇ ಇತ್ತು. ಹಾಗೇ ಇತ್ತು. ಆಮೇಲೆ ರೇಟು ಹೋಗಿ ಪರದೆಯ ತುಂಬ ದಪ್ಪಕ್ಷರದಲ್ಲಿ "ಲೈನ್ ಇಲ್ಲ" ಅಂತ ಬಂತು. ನಾನು ಕುರ್ಚಿಯಿಂದ ಹಾರಿ ಚಪ್ಪಾಳೆ ತಟ್ಟಿದೆ.

"ಲೈನ್ ಇಲ್ಲ ಅಂದ್ರೆ ಕುಣೀತಾಳಲ್ಲಪ್ಪ ಈ ಹೆಣ್ಮಗ!" ಅಂದ ಒಬ್ಬ ಮುದುಕ. ಕುಣಿದದ್ದು ಹೌದು, ಅದರಲ್ಲಿ ಸುಳ್ಳಿಲ್ಲ.

ಉಳಿದ ಮಂಡಿಗಳಿಗೂ ಅದನ್ನೇ ಹಾಕಿ, ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಆ ಕಾಲದ ಫೋನ್ ಲೈನುಗಳು ಹೇಗಿದ್ದವು ಅನ್ನುವುದು ಗೊತ್ತಿದ್ದವರಿಗೆ ಗೊತ್ತು. ಗಾಳಿ ಬೀಸಿದರೆ ಹೋಯಿತು, ತೆಂಗಿನ ಗರಿ ಬಿದ್ದರೆ ಹೋಯಿತು. ಹಿಂದೆ ಲೈನು ಹೋದದ್ದು ಮಂಡಿಯವರಿಗೆ ತಿಳಿಯುತ್ತಲೇ ಇರಲಿಲ್ಲ, ಪರದೆ ತುಂಬ ರೇಟು ಇರುತ್ತಿತ್ತು. ಈಗ ದಿನಕ್ಕೆ ಹಲವು ಸಲ "ಲೈನ್ ಇಲ್ಲ" ಕಾಣತೊಡಗಿತು. ವಾರ ತುಂಬುವ ಮೊದಲೇ ತುರುವೇಕೆರೆ ಸಾಹುಕಾರರು ಮೆಟ್ಟಿಲು ಹತ್ತಿ ಸೀದಾ ಯಜಮಾನರ ಕೋಣೆಗೆ ನುಗ್ಗಿದರು. ಬಾಗಿಲು ತೆರೆದೇ ಇತ್ತು.

"ಏನ್ ಸ್ವಾಮಿ ಮಾಡಿಟ್ರಿ? ಮೊದ್ಲು ಯಾವಾಗ್ ನೋಡಿದ್ರೂ ರೇಟು ಇರ್ತಿತ್ತು. ಎಲ್ಲೋ ಒಂದೊಂದ್ ಸಲ ಹೆಚ್ಚುಕಮ್ಮಿ ಆಗ್ತಿತ್ತು, ಹೋಗ್ಲಿ. ಈಗ ಹೊತ್ತಿಗೊಂದ್ ಸಲ ಲೈನ್ ಇಲ್ಲ, ಲೈನ್ ಇಲ್ಲ. ಜನ ನಗ್ತಾರೆ. ಕೆಡಿಸಿಬುಟ್ರಿ! ಹಳೇದನ್ನೇ ಹಾಕ್ಕೊಡಿ, ಆಗದಿದ್ರೆ ಹೇಳಿ, ಡಬ್ಬ ಎತ್ತಿ ಕಳಿಸ್ತೀನಿ."

ಕೆಡಿಸಿಬಿಟ್ರಿ ಅನ್ನುವ ಮಾತು ಕೇಳಿದ್ದೇ ಮೇಡಂ ಚಪ್ಪಲಿ ಮೆಟ್ಟಿಕೊಂಡರು. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿದರು. ನಾನು ಅವರ ಸೆರಗು ಹಿಡಿದುಕೊಂಡೆ. ಬಿಡಿಸಿಕೊಂಡು, ಚೀಲ ಹೆಗಲಿಗೆ ಹಾಕಿ, ಯಜಮಾನರ ಬಾಗಿಲಿಗೆ ಹೋಗಿ ನಿಂತರು. ಕೊಟ್ಟ ಮಾತು ಕೊಟ್ಟದ್ದೇ, ಹೇಳಿ ಹೋಗೋಣ ಎಂದು ಇರಬೇಕು. ಹಳೆಯ ಪ್ರೋಗ್ರಾಮಿನ ಪ್ರತಿ ಯಜಮಾನರ ಹತ್ತಿರ ಇತ್ತು. ಹೂಂ ಅಂದರೆ ಆ ಸಂಜೆಯೊಳಗೆ ವಾಪಸು ಹಾಕಬಹುದಿತ್ತು, ಅವರ ಪಟ್ಟಿಯೂ ಉಳಿಯುತ್ತಿತ್ತು, ಸಾಹುಕಾರರೂ ಉಳಿಯುತ್ತಿದ್ದರು. ಯಜಮಾನರು ಸಾಹುಕಾರರನ್ನು ನೋಡಿದರು, ಬಾಗಿಲಲ್ಲಿದ್ದ ಮೇಡಮ್ಮನ್ನು ನೋಡಿದರು, ಹೆಗಲ ಮೇಲಿನ ಚೀಲವನ್ನೂ ನೋಡಿದರು.

"ಇಲ್ಲ ಸಾಹುಕಾರ್ರೆ, ಕೆಟ್ಟಿಲ್ಲ" ಅಂದರು. "ಲೈನು ಹೋಗಿರುತ್ತೆ, ಅದಕ್ಕೇ ಇಲ್ಲ ಅನ್ನುತ್ತೆ. ಮೊದಲೂ ಹೋಗ್ತಿತ್ತು. ಮೊದಲಿನದು ಇದೆ ಅಂತ ಸುಳ್ಳು ಹೇಳ್ತಿತ್ತು. ನಿಮ್ಮ ಜನ ಚೀಲ ಹೊತ್ತು ಬಂದು ಬೈದು ಹೋದರಲ್ಲ, ಆ ದಿನವೂ ಸುಳ್ಳೇ ಹೇಳಿತ್ತು. ಆ ಸುಳ್ಳು ಬರೆದವನು ನಾನು. ತೆಗೆದದ್ದು ಇವರು. ಹಳೇದನ್ನ ಹಾಕಲ್ಲ. ಬೇಡ ಅಂದ್ರೆ ಡಬ್ಬ ಕಳಿಸಿ."

"ಅಂಗಾದ್ರೆ ಹೋಗಿ ಆ ಲೈನ್‌ಮ್ಯಾನ್‌ನ ಹಿಡ್ಕೋಬೇಕು ಅನ್ನಿ" ಎಂದು ಸಾಹುಕಾರರು ಗೊಣಗಿ, ಬಂದಷ್ಟೇ ಜೋರಾಗಿ ಮೆಟ್ಟಿಲು ಇಳಿದು ಹೋದರು. ಡಬ್ಬ ಕಳಿಸುತ್ತಾರೋ ಇಲ್ಲವೋ ಆ ದಿನ ನಮಗೆ ಗೊತ್ತಾಗಲಿಲ್ಲ. ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ನಂದು ಅಂತ ಅದರೊಳಗೆ ಇನ್ನೇನಾದ್ರೂ ಉಳಿದಿದೆಯಾ?"

ಮೇಡಂ ಹೆಗಲಿನ ಚೀಲ ಇಳಿಸಿದರು. "ಐತೆ ಸಾರ್. ಲೈನು ಹೋದ್ಮೇಲೆ ಮತ್ತೆ ಹುಡಿಕ್ಕೊಂಡು ಡಯಲ್ ಮಾಡೋದು ಪೂರ್ತಿ ನಿಮ್ದೇ. ಒಂದ್ ಸಾಲೂ ಮುಟ್ಟಿಲ್ಲ. ನೋಡಿ ಹೇಳ್ತಾ ಇವ್ನಿ, ಅಷ್ಟು ಚೆನ್ನಾಗಿ ನನಗೆ ಬರೆಯಾಕೆ ಬರಾಕಿಲ್ಲ."